ಗುಲಗಂಜಿಯ ಸೊನ್ನೆ

"ಪಾಸ್‌ವರ್ಡ್ ತಪ್ಪು" ಎಂದಿತು ಸ್ಕ್ರೀನು, ಹದಿನಾಲ್ಕನೆಯ ಸಲ.

ನನ್ನ ನಾದಿನಿ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ನೋಡಿದ್ರಲ್ಲ ಅತ್ತಿಗೆ? ಈ ಬಾಗಿಲು ಮಾಡಿದೋಳು ನಾನು. ನನಗೇ ತೆಗೀತಿಲ್ಲ. ಇನ್ಯಾರಿಗೋ ಮೂರು ದಿನದಿಂದ ಸಲೀಸಾಗಿ ತೆಗೀತಿದೆ. ಅದೂ ನನ್ನ ಹೆಸರಲ್ಲಿ!"

ಸೋಮವಾರ, ಮಂಗಳವಾರ, ಬುಧವಾರ ಮೂರು ದಿನವೂ ಬೆಳಿಗ್ಗೆ ಹತ್ತೂವರೆಯ ಆಸುಪಾಸಿನಲ್ಲಿ ಯಾರೋ ಅವಳ ಹೆಸರಿನಲ್ಲಿ ಒಳಗೆ ಹೋಗಿ ಬಂದಿದ್ದರು. ಹೋಗಿ ಬಂದ ಹೊತ್ತು ಮಾತ್ರ ಹೊರಗಡೆ ದಾಖಲಾಗಿತ್ತು. ಒಳಗೆ ಏನು ಬರೆದರು ಎಂದು ತಿಳಿಯಬೇಕಾದರೆ ಒಳಗೇ ಹೋಗಬೇಕು.

ಇವತ್ತು ಗುರುವಾರ. ಸಂಜೆ ನಾಲ್ಕಕ್ಕೆ ವಿಚಾರಣೆ. ಸೇತುವೆಯ ದಾಖಲೆಯನ್ನು ಕದ್ದು ತಿದ್ದಿದವಳು ಇವಳೇ ಎಂದು ಎಂಜಿನಿಯರ್ ಸಾಹೇಬರು ಸಮಿತಿಗೆ ಬರೆದುಕೊಟ್ಟಾಗಿತ್ತು. ಇಪ್ಪತ್ತೆರಡು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ ದುಡಿದವಳು, ಕಳ್ಳಿ ಅನ್ನಿಸಿಕೊಂಡು ಮನೆಗೆ ಹೋಗಲು ಇನ್ನು ಐದೂವರೆ ಗಂಟೆ ಉಳಿದಿತ್ತು.

ಆ ಕಚೇರಿಯ ಕೆಲಸ ಏನೆಂದು ಕಿಟಕಿಯಿಂದ ನೋಡಿದರೇ ತಿಳಿಯುತ್ತದೆ. ಎದುರಿಗೆ ನದಿ. ನದಿಯ ಮೇಲೆ ನಡೆದು ಹೋಗುವವರ ಹಳೆಯ ಸೇತುವೆ. ಅದರ ಮೂರನೆಯ ಕಂಬದಲ್ಲೊಂದು ಬಿರುಕು. ದಿನಾ ಬೆಳಿಗ್ಗೆ ಅಳತೆಗಾರ ದೋಣಿಯಲ್ಲಿ ಹೋಗಿ ಬಿರುಕನ್ನು ಅಳೆದು ಚೀಟಿ ಕಳಿಸುತ್ತಾನೆ. ಆ ಚೀಟಿ ನೋಡಿ ನನ್ನ ನಾದಿನಿ ಕಂಪ್ಯೂಟರಿಗೆ ಒಂದೇ ಒಂದು ಪದ ಬರೆಯಬೇಕು.

"ಕ್ಷೇಮ" ಎಂದು ಬರೆದರೆ ಸೇತುವೆಯ ನೆತ್ತಿಯ ಮೇಲೆ ಹಸಿರು ದೀಪ. "ನಿಗಾ" ಎಂದರೆ ಹಳದಿ. "ಬಂದ್" ಎಂದರೆ ಕೆಂಪು ದೀಪ ಹತ್ತಿ, ಸೈರನ್ ಕೂಗಿ, ಎರಡೂ ತುದಿಯ ಗೇಟು ತಾವಾಗಿ ಇಳಿಯುತ್ತವೆ. ಹೋದ ವಾರದಿಂದ ಹಳದಿ ದೀಪವೇ ಉರಿಯುತ್ತಿತ್ತು. ಜನ ಓಡಾಡುತ್ತಿದ್ದರು.

ಆ ಪದವನ್ನು ಸಿಕ್ಕಸಿಕ್ಕವರು ಬರೆಯಬಾರದೆಂದು ಇವಳು ಒಂದು ಲಾಗಿನ್ ಸ್ಕ್ರಿಪ್ಟ್ ಬರೆದಿದ್ದಳು. ನಲವತ್ತಾರನೆಯ ವಯಸ್ಸಿನಲ್ಲಿ, ಆರು ತಿಂಗಳು ಸಂಜೆಯ ಕ್ಲಾಸಿಗೆ ಹೋಗಿ ಕಲಿತು ಬರೆದ ಮೊಟ್ಟಮೊದಲ ಪ್ರೋಗ್ರಾಂ. ಅದು ಕೆಲಸ ಮಾಡಿದ ದಿನ ಮನೆಮಂದಿಗೆಲ್ಲ ಫೋನ್ ಮಾಡಿ ಹೇಳಿದ್ದಳು.

ನಾನು ಮೂವತ್ತು ವರ್ಷ ಬೇರೆಯವರ ಪ್ರೋಗ್ರಾಮಿನ ತಪ್ಪು ಹುಡುಕಿಯೇ ಅನ್ನ ತಿಂದವಳು. ಮನೆಯಲ್ಲಿ ನನಗೆ ಹೇನಕ್ಕ ಎಂದು ಅಡ್ಡಹೆಸರು. ಎಲ್ಲರ ತಲೆಯಲ್ಲೂ ಹೇನು ಹೆಕ್ಕುತ್ತೇನಂತೆ. ಆಪಾದನೆ ಹೊತ್ತವರು ತಮ್ಮ ಕಡೆಯಿಂದ ಒಬ್ಬರನ್ನು ಕರೆತರಬಹುದೆಂದು ಸಮಿತಿಯ ನಿಯಮವಿತ್ತು. ಅವಳು ನನ್ನನ್ನು ಕರೆತಂದಳು.

ಸಾಹೇಬರು ಮುಖ ಸಿಂಡರಿಸಿ ಒಪ್ಪಿದ್ದರು. ಮಧ್ಯಾಹ್ನ ಒಂದರ ತನಕ ಸ್ಕ್ರಿಪ್ಟಿನ ನಕಲನ್ನು ಪರೀಕ್ಷಿಸಬಹುದು. ನಿಜವಾದ ಬಾಗಿಲಿನಿಂದ ಒಳಗೆ ಹೋಗುವಂತಿಲ್ಲ. ಹೋದರೆ ತಪ್ಪು ಒಪ್ಪಿಕೊಂಡ ಹಾಗೆ.

"ಅತ್ತಿಗೆ, ನೀವೇ ಕೂತು ಸರಿ ಮಾಡಿಬಿಡಿ. ನನ್ನ ಕೈಲಾಗಲ್ಲ."

ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಕಲಿಯುವವರ ಕೀಬೋರ್ಡ್ ಮುಟ್ಟಬಾರದು ಅನ್ನುವುದು ನನ್ನ ಹಳೆಯ ಕಟ್ಟಳೆ.

"ಎಲ್ಲಿ ತಪ್ಪಿದೆ ಅನ್ಸುತ್ತೆ?"

"ಎಲ್ಲಾ ಕಡೆ."

"ಅದು ಉತ್ತರ ಅಲ್ಲ ಕಣೇ, ಅಳು. ಸ್ಕ್ರಿಪ್ಟ್ ಏನು ಮಾಡುತ್ತೆ ಅಂತ ನನಗೆ ಹೇಳು. ನಿನ್ನ ಮಗಳಿಗೆ ದಾರಿ ಹೇಳ್ತೀಯಲ್ಲ, ಹಾಗೆ."

ಅವಳು ಮೂಗು ಒರೆಸಿಕೊಂಡಳು. "ಮೊದ್ಲು ಹೆಸರು ಕೇಳುತ್ತೆ. ಪಟ್ಟೀಲಿ ಆ ಹೆಸರು ಹುಡುಕುತ್ತೆ. ಅದರ ಪಕ್ಕದಲ್ಲಿರೋ ಪಾಸ್‌ವರ್ಡ್ ತಗೊಳ್ಳುತ್ತೆ. ನಾನು ಒತ್ತಿದ್ದಕ್ಕೂ ಅದಕ್ಕೂ ತಾಳೆ ನೋಡುತ್ತೆ. ತಾಳೆ ಆದ್ರೆ ಒಳಗೆ. ಇಲ್ಲಾಂದ್ರೆ ತಪ್ಪು."

"ಪಟ್ಟಿ ತೆಗಿ."

ತೆಗೆದಳು. ಎಂಟು ಹೆಸರು, ಎಂಟು ಪಾಸ್‌ವರ್ಡು, ಎಲ್ಲವೂ ಹಾಡಹಗಲಿನ ಹಾಗೆ ಬಿಚ್ಚಿಟ್ಟುಕೊಂಡು ಕೂತಿದ್ದವು.

"ಅಯ್ಯೋ ಪುಣ್ಯಾತ್ಗಿತ್ತಿ! ಪಾಸ್‌ವರ್ಡನ್ನ ಯಾರಾದ್ರೂ ಹೀಗೆ ಬರೆದಿಡ್ತಾರಾ? ಬೀಗ ಹಾಕಿ, ಬೀಗದ ಕೈನ ಬಾಗಿಲಿಗೇ ನೇತು ಹಾಕಿದ ಹಾಗಾಯ್ತಲ್ಲೇ!"

"ಮುಚ್ಚಿಡೋದು ಮುಂದಿನ ಪಾಠ ಅಂದಿದ್ರು ನಮ್ಮ ಮೇಡಂ..."

ನನಗೆ ನಗು ಬಂತು, ಅವಳಿಗೂ ಬಂತು. ಮೂರು ದಿನದಲ್ಲಿ ಅವಳು ಮೊದಲ ಸಲ ನಕ್ಕಿದ್ದು ಅದು.

ಅವಳ ಹೆಸರಿನ ಮುಂದೆ "ಗುಲಗಂಜಿ" ಎಂದಿತ್ತು.

"ಇದ್ಯಾಕೆ ಗುಲಗಂಜಿ?"

"ಗುಲಗಂಜಿ ತನ್ನ ಕಪ್ಪು ತಾನರಿಯದು ಅಂತ ನೀವು ದಿನಾ ಬೈತಿದ್ರಲ್ಲ. ಮರೆಯೋ ಹಾಗೇ ಇಲ್ಲ."

"ಸರಿ. ಪಟ್ಟೀಲಿ ಗುಲಗಂಜಿ. ನೀನು ಒತ್ತಿದ್ದು?"

"ಗುಲಗಂಜಿ."

"ಒಂದೇನಾ?"

"ಒಂದೇ ಅಲ್ವಾ? ಕಣ್ಣಿಗೆ ಕಾಣ್ತಿದೆಯಲ್ಲ."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನಿನ್ನ ಕಣ್ಣಿಗೆ ಒಂದೇ. ಯಂತ್ರಕ್ಕೆ? ಅದನ್ನೇ ಕೇಳು."

ಮೊದಲು ಎರಡೂ ಪದಗಳ ಹಿಂದೆ ಮುಂದೆ ಒಂದೊಂದು ಗೆರೆ ಎಳೆದು ತೋರಿಸುವ ಹಾಗೆ ಮಾಡಿಸಿದೆ. ಕೊನೆಯಲ್ಲಿ ಯಾರಿಗೂ ಕಾಣದ ಖಾಲಿ ಜಾಗ ಸೇರಿಕೊಂಡಿರಬಹುದು. ಹೊಸಬರ ಅರ್ಧ ತಪ್ಪುಗಳು ಅಲ್ಲೇ ಅಡಗಿರುತ್ತವೆ. ಇಲ್ಲಿ ಇರಲಿಲ್ಲ. ಆಮೇಲೆ ಎರಡರ ಉದ್ದ ಕೇಳಿಸಿದೆ. ಏಳು, ಏಳು.

"ಏಳು ಹೇಗೆ ಅತ್ತಿಗೆ? ಗು, ಲ, ಗಂ, ಜಿ. ನಾಲ್ಕೇ ತಾನೆ?"

"ನಮಗೆ ನಾಲ್ಕು. ಅದು ಕೊಂಬು, ಸೊನ್ನೆ, ಗುಡಿಸು ಎಲ್ಲಾ ಬಿಡಿಸಿ ಎಣಿಸುತ್ತೆ. ಒಂದೊಂದಕ್ಕೂ ಅದರ ಹತ್ರ ಒಂದು ನಂಬರಿದೆ. ಆ ನಂಬರುಗಳನ್ನ ತೋರಿಸು ಅನ್ನು."

ಅವಳು ಪುಸ್ತಕ ನೋಡಿಕೊಂಡು ನಾಲ್ಕು ಸಾಲು ಬರೆದಳು. ಎರಡು ಸಲ ತಪ್ಪಿತು. ನನ್ನ ಬೆರಳುಗಳು ಬೆನ್ನ ಹಿಂದೆ ತುರಿಸುತ್ತಿದ್ದವು. ಮೂರನೆಯ ಸಲಕ್ಕೆ ನಂಬರುಗಳು ಎರಡು ಸಾಲಾಗಿ ಬಂದವು.

ಅವಳು ಬೆರಳಿಟ್ಟು ಓದಿದಳು. "3223, 3265, 3250, 3223... ಇಲ್ಲಿ ತನಕ ಎರಡೂ ಒಂದೇ. ಐದನೇದು... ನಾನು ಒತ್ತಿದ್ದು 3202. ಪಟ್ಟೀಲಿರೋದು 3302."

"ಮುಂದೆ?"

"ಮುಂದೆ ಮತ್ತೆ ಒಂದೇ. ಐದನೇದು ಮಾತ್ರ ನೂರು ಜಾಸ್ತಿ."

"ಐದನೇದು ಯಾವುದು?"

"ಸೊನ್ನೆ. ಗಂ ಅನ್ನೋದರ ಸೊನ್ನೆ."

"3302 ಯಾವುದರ ನಂಬರು, ಹುಡುಕು."

ಅವಳು ಕೀಲಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತ ಹೋದಳು. ಅಕ್ಷರಗಳೆಲ್ಲ ಮುಗಿದವು. ಮೇಲಿನ ಸಾಲಿನ ಅಂಕಿಗಳಿಗೆ ಬಂದಳು. ಕೊನೆಯ ಅಂಕಿ ಒತ್ತಿದವಳೇ ನನ್ನ ಕಡೆ ತಿರುಗಿದಳು.

"ಅತ್ತಿಗೆ, ಇದೂ ಸೊನ್ನೆನೇ! ಅದು ಅಕ್ಷರದ ಸೊನ್ನೆ, ಇದು ಅಂಕಿ ಸೊನ್ನೆ."

ಗುಲಗಂಜಿ, ಗುಲಗ೦ಜಿ. ಓದುಗರೇ, ನೀವೂ ನೋಡಿ. ನಮ್ಮ ಭಾಷೆ ಎರಡು ಬೇರೆ ವಸ್ತುಗಳಿಗೆ ಒಂದೇ ಹೆಸರಿಟ್ಟು, ಹೆಚ್ಚುಕಡಿಮೆ ಒಂದೇ ಆಕಾರವನ್ನೂ ಕೊಟ್ಟಿದೆ. ಕಣ್ಣು ಅದನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿಬಿಡುತ್ತದೆ. ಯಂತ್ರಕ್ಕೆ ಆ ದಾಕ್ಷಿಣ್ಯ ಇಲ್ಲ.

"ಹಾಗಾದ್ರೆ ನನ್ನ ಸ್ಕ್ರಿಪ್ಟು ಸರಿಯಾಗೇ ಇತ್ತು," ಎಂದಳು ಅವಳು ನಿಧಾನವಾಗಿ. "ಎರಡು ಬೇರೆ ಪದಾನ ಬೇರೆ ಅಂದಿದೆ, ಅಷ್ಟೇ."

"ಅಷ್ಟೇ. ಈಗ ಪ್ರಶ್ನೆ ಬೇರೆ. ನಿನ್ನ ಪಾಸ್‌ವರ್ಡನ್ನ ಅಂಕಿ ಸೊನ್ನೆ ಹಾಕಿ ಬರೆದೋರು ಯಾರು?"

ಪಟ್ಟಿ ಕೊನೆಯದಾಗಿ ಬದಲಾದದ್ದು ಶನಿವಾರ ಮಧ್ಯಾಹ್ನ. ಅವಳು ಅವತ್ತು ರಜೆಯಲ್ಲಿದ್ದಳು. ಯಾರೋ ಪಟ್ಟಿಯನ್ನು ಮೊದಲಿನಿಂದ ಹೊಸದಾಗಿ ಟೈಪ್ ಮಾಡಿದ್ದರು, ಮತ್ತು ಹಾಗೆ ಮಾಡಿದವರ ಬೆರಳು ಸೊನ್ನೆ ಎಂದೊಡನೆ ಅಂಕಿಯ ಸಾಲಿಗೆ ಹೋಗುತ್ತಿತ್ತು. ಬೆರಳಿನ ಅಭ್ಯಾಸ ಒಂದು ದಿನಕ್ಕೆ ಬರುವಂಥದ್ದಲ್ಲ. ಅದು ಎಲ್ಲ ಕಾಗದಗಳಲ್ಲೂ ಇರಬೇಕು.

ಆ ವರ್ಷ ಕಚೇರಿಯಲ್ಲಿ ಟೈಪ್ ಆದ ಪತ್ರಗಳು ನಾನೂರ ಹನ್ನೆರಡು. ಪದದ ನಡುವೆ 3302 ಇರುವ ಪತ್ರಗಳನ್ನು ಮಾತ್ರ ಹೆಕ್ಕುವ ಇನ್ನೊಂದು ಪುಟ್ಟ ಸ್ಕ್ರಿಪ್ಟನ್ನು ಅವಳೇ ಬರೆದಳು. ಈ ಸಲ ಒಂದೇ ಏಟಿಗೆ ಬಂತು. ತೊಂಬತ್ತಾರು ಪತ್ರಗಳು ಸಿಕ್ಕವು. ಪ್ರತಿಯೊಂದರ ಕೆಳಗೂ ಟೈಪ್ ಮಾಡಿದವರ ಒಂದೇ ಗುರುತು.

ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು.

"ಬೆರಳಚ್ಚು ಮೇಷ್ಟ್ರು," ಎಂದಳು. "ಸಾಧ್ಯನೇ ಇಲ್ಲ ಅತ್ತಿಗೆ. ನಾನು ಈ ಕಚೇರಿಗೆ ಬಂದಾಗ ಕೆಲಸ ಕಲಿಸಿದೋರು ಅವರು."

ಒಂದು ಗಂಟೆಗೆ ಸಾಹೇಬರ ಕೋಣೆಗೆ ನಾನೊಬ್ಬಳೇ ಹೋದೆ. ಆಪಾದಿತರು ವಿಚಾರಣೆಗೆ ಮುಂಚೆ ಅವರ ಮುಂದೆ ಬರುವಂತಿರಲಿಲ್ಲ. ಅವರ ಬೆನ್ನ ಹಿಂದೆ ಗೋಡೆಯ ಮೇಲೆ ಒಂದು ಫೋಟೋ: ಎರಡು ವರ್ಷದ ಹಿಂದೆ ಮೂರನೆಯ ಕಂಬದ ದುರಸ್ತಿ ಮುಗಿದಾಗ ತಮ್ಮ ಹೆಸರಿನ ಕಲ್ಲಿನ ಪಕ್ಕದಲ್ಲಿ ನಿಂತದ್ದು.

ಅಕ್ಷರದ ಸೊನ್ನೆ, ಅಂಕಿಯ ಸೊನ್ನೆ ಎಲ್ಲವನ್ನೂ ಕಾಗದದ ಮೇಲೆ ಬರೆದು ತೋರಿಸಿದೆ. ಹೇಳುವಾಗ ಸ್ವಲ್ಪ ಜಂಬವೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಮೇಷ್ಟರ ಹೆಸರು ಮಾತ್ರ ಎತ್ತಲಿಲ್ಲ; ಮೊದಲು ಅವರನ್ನೇ ಕೇಳಬೇಕಿತ್ತು.

"ಭಲೇ!" ಎಂದರು ಸಾಹೇಬರು. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ಹಾಗಾದ್ರೆ ಅಂಕಿ ಸೊನ್ನೆ ಒತ್ತಿದ್ರೆ ಈಗ್ಲೂ ತೆಗೆಯುತ್ತೆ ಅಂತೀರಾ?"

"ಧಾರಾಳವಾಗಿ."

"ಪಟ್ಟಿ ಹಾಗೇ ಇರ್ಲಿ. ಅದು ಸಾಕ್ಷಿ. ಇನ್ನು ನಾಲ್ಕರ ತನಕ ದಾಖಲೆ ಕೋಣೆ ಕಂಪ್ಯೂಟರ್ ಯಾರೂ ಮುಟ್ಟಬಾರದು."

ಇಷ್ಟು ಒಳ್ಳೆಯವರ ಬಗ್ಗೆ ಬೆಳಿಗ್ಗೆಯಿಂದ ಕೆಟ್ಟದ್ದು ಯೋಚಿಸಿದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಮೇಷ್ಟರ ಕೋಣೆ ಪಡಸಾಲೆಯ ಕೊನೆಯಲ್ಲಿ, ಕಿಟಕಿ ಹಿಂದಿನ ಓಣಿಗೆ. ನಾವಿಬ್ಬರೂ ಒಳಗೆ ಹೋದಾಗ ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ. ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಕಚೇರಿ ಅವರನ್ನು ಅರ್ಧ ದಿನದ ಕೆಲಸಕ್ಕೆ ಇಟ್ಟುಕೊಂಡಿತ್ತು; ಅವರಂತೂ ಪೂರ್ತಿ ದಿನ ಕೂರುತ್ತಿದ್ದರು. ಕಿವಿ ಮಂದ. ಮೂಲೆಯಲ್ಲಿ ಹಳೆಯ ಟೈಪ್‌ರೈಟರು, ಒಂದು ಚೂರು ಧೂಳಿಲ್ಲದೆ.

"ಮೇಷ್ಟ್ರೇ, ಒಂದು ಪದ ಟೈಪ್ ಮಾಡಿ ತೋರಿಸ್ತೀರಾ?"

"ಆಂ?"

"ಟೈಪು! ಗಂಟೆ! ಗಂಟೆ ಅಂತ ಟೈಪ್ ಮಾಡಿ!"

"ಎರಡು ಗಂಟೆ," ಎಂದರು ಗಡಿಯಾರ ನೋಡಿ.

ನಾದಿನಿ ಒಂದು ಚೀಟಿಯಲ್ಲಿ ಬರೆದು ಕೊಟ್ಟಳು. ಅವರು ಕನ್ನಡಕ ಸರಿಪಡಿಸಿಕೊಂಡು ಕಂಪ್ಯೂಟರಿನಲ್ಲಿ ಟೈಪ್ ಮಾಡಿದರು. ಬಲಗೈಯ ಉಂಗುರಬೆರಳು ನೋಡದೆಯೇ ಮೇಲಿನ ಸಾಲಿಗೆ ಹೋಗಿ, ಅಂಕಿಯ ಸೊನ್ನೆ ಒತ್ತಿ ಬಂತು.

"ಅಕ್ಷರದ ಸೊನ್ನೆ ಬೇರೆ ಇದೆಯಲ್ಲ ಮೇಷ್ಟ್ರೇ. ಅದ್ಯಾಕೆ ಒತ್ತಲ್ಲ?"

ಅವರು ಮೂಲೆಯ ಯಂತ್ರದ ಕಡೆ ಕೈ ತೋರಿಸಿದರು. "ಅದರಲ್ಲಿ ಎರಡಕ್ಕೂ ಒಂದೇ ಕೀಲಿ ಇತ್ತಮ್ಮ. ಮೂವತ್ತಾರು ವರ್ಷ ಒತ್ತಿದೀನಿ. ಸೊನ್ನೆ ಅಂದ್ಮೇಲೆ ಸೊನ್ನೆ."

"ಶನಿವಾರ ಪಾಸ್‌ವರ್ಡ್ ಪಟ್ಟಿ ಹೊಸದಾಗಿ ಮಾಡಿದ್ದು ನೀವಾ?"

"ನಾನೇ. ವರ್ಗ ಆದೋರ ಹೆಸರು ತೆಗೆದು ಶುದ್ಧ ಪ್ರತಿ ಮಾಡಿ ಅಂದ್ರು ಸಾಹೇಬ್ರು."

"ಸೋಮವಾರದಿಂದ ಇವಳ ಹೆಸರಲ್ಲಿ ಒಳಗೆ ಹೋಗಿದ್ದು?"

ಈ ಸಲ ಅವರಿಗೆ ಚೆನ್ನಾಗಿ ಕೇಳಿಸಿತ್ತು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು.

"ನಾನೇ," ಎಂದರು.

"ಮೇಷ್ಟ್ರೇ!" ಎಂದಳು ನನ್ನ ನಾದಿನಿ. ಆ ಒಂದು ಕೂಗಿನಲ್ಲಿ ಇಪ್ಪತ್ತೆರಡು ವರ್ಷದ ನಂಬಿಕೆ ಬಿದ್ದದ್ದು ನನಗೆ ಕೇಳಿಸಿತು. "ಇವತ್ತು ನನ್ನ ಕೆಲಸ ಹೋಗ್ತಿದೆ ಗೊತ್ತಾ ನಿಮಗೆ? ಕಳ್ಳಿ ಅಂತಿದಾರೆ ನನ್ನ!"

ಮುದುಕರು ಗಾಬರಿಯಿಂದ ನಮ್ಮಿಬ್ಬರನ್ನೂ ನೋಡಿದರು. ಅವರಿಗೆ ಗೊತ್ತೇ ಇರಲಿಲ್ಲ. ಕಿವಿ ಮಂದವಾದವರಿಗೆ ಕಚೇರಿಯ ಗುಸುಗುಸು ಮುಟ್ಟುವುದೇ ಇಲ್ಲ.

"ನಾನು ಒಳ್ಳೇದಕ್ಕೆ ಮಾಡಿದ್ದಮ್ಮ. ಅಳತೆ ಚೀಟಿ ಮೊದ್ಲು ನನ್ನ ಹತ್ರ ಬರುತ್ತಲ್ಲ, ಠಸ್ಸೆ ಹೊಡೆಯೋಕೆ. ಸೋಮವಾರ ಚೀಟಿ ತಗೊಂಡು ನಿನ್ನ ಕೋಣೆಗೆ ಬಂದೆ. ನೀನು ಕಂಪ್ಯೂಟರ್ ಮುಂದೆ ಕೂತು ಅಳ್ತಿದ್ದೆ. ಬರ್ತಿಲ್ಲ ಬರ್ತಿಲ್ಲ ಅಂತಿದ್ದೆ. ಮಗು ಈಗಷ್ಟೇ ಕಲಿತಿದೆ, ಎದುರಿಗೆ ನಿಂತು ನಾಚಿಕೆ ಮಾಡಿಸೋದು ಯಾಕೆ ಅಂತ ವಾಪಸ್ ಬಂದೆ. ನಿನ್ನ ಪಾಸ್‌ವರ್ಡ್ ನಾನೇ ಟೈಪ್ ಮಾಡಿದ್ನಲ್ಲ, ನೆನಪಿತ್ತು. ಇಲ್ಲಿಂದ ಒತ್ತಿದೆ, ತೆಗೀತು. ಚೀಟೀಲಿದ್ದದ್ದನ್ನ ಬರೆದೆ. ಮೂರು ದಿನವೂ ಬರೆದೆ."

ಇನ್ನೊಬ್ಬರ ಕೆಲಸ ನಿಲ್ಲಬಾರದೆಂದು ಸದ್ದಿಲ್ಲದೆ ಮಾಡಿಕೊಟ್ಟ ಉಪಕಾರ. ಇಂಥ ಉಪಕಾರಕ್ಕೆ ಏನು ಹೇಳಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಏನಂತ ಬರೆದ್ರಿ?"

"ಚೀಟೀಲಿ ಏನಿತ್ತೋ ಅದೇ. ಬಂದ್."

ನಾನು ಅವರ ಹತ್ತಿರಕ್ಕೆ ಸರಿದೆ.

"ಏನಂದ್ರಿ?"

"ಬಂದ್. ಬಿರುಕು ಬೆರಳು ಹೋಗುವಷ್ಟಾಗಿದೆ ಅಂತ ಬರೆದಿದ್ದ ಅಳತೆಯವನು. ಸೋಮವಾರದಿಂದ ಸೇತುವೆ ಮುಚ್ಚಿದೆಯಲ್ಲ?" ಅವರು ನಮ್ಮ ಮುಖ ನೋಡಿದರು. "ಮುಚ್ಚಿಲ್ವಾ?"

ಅವರ ಕಿಟಕಿಯಿಂದ ಓಣಿ ಮಾತ್ರ ಕಾಣುತ್ತಿತ್ತು. ಮನೆ ಇದೇ ದಡದಲ್ಲಿ. ಸೈರನ್ ಕೂಗಿದ್ದರೂ ಆ ಕಿವಿಗೆ ಕೇಳುತ್ತಿರಲಿಲ್ಲ.

ಬೆಳಿಗ್ಗೆಯಿಂದ ನಾನು ಒಬ್ಬ ಕಳ್ಳನನ್ನು ಹುಡುಕುತ್ತಿದ್ದೆ. ಅಳತೆ ಮುಚ್ಚಿಟ್ಟು "ನಿಗಾ" ಬರೆದವನೊಬ್ಬ ಇದ್ದಾನೆ ಎಂದು ನಂಬಿಕೊಂಡಿದ್ದೆ. ಈ ಮನುಷ್ಯ ಮೂರು ದಿನದಿಂದ ಸೇತುವೆ ಮುಚ್ಚಿ, ಮುಚ್ಚಿ ಎಂದು ಬರೆಯುತ್ತಿದ್ದಾರೆ. ಯಾರಿಗೆ ಬರೆದರು? ಯಾಕೆ ಗೇಟು ಇಳಿಯಲಿಲ್ಲ?

ನನಗಿಂತ ಮೊದಲು ಹೊಳೆದದ್ದು ಅವಳಿಗೆ.

"ಅತ್ತಿಗೆ," ಎಂದಳು. "ಬಂದ್‌ನಲ್ಲೂ ಸೊನ್ನೆ ಇದೆ."

ಅವಳು ಮೇಷ್ಟರ ಮೇಜನ್ನು ಹಿಡಿದುಕೊಂಡಳು. "ಇವರು ಬರೆದ ಬಂದ್ ನನ್ನ ಸ್ಕ್ರಿಪ್ಟಿಗೆ ಬಂದ್ ಅಲ್ಲ. ಅದಕ್ಕೆ ಗೊತ್ತಿರೋದು ಮೂರೇ ಪದ. ಮೂರರಲ್ಲಿ ಯಾವುದೂ ಅಲ್ದೆ ಇದ್ರೆ ಏನು ಮಾಡ್ಬೇಕು ಅಂತ ನಾನು ಬರೆದಿದ್ದು ಗೊತ್ತಾ? ಸುಮ್ಮನಿರು ಅಂತ. ಕೂಗು ಅಂತ ಬರೀಬಹುದಿತ್ತು. ಯಾಕೋ ಸುಮ್ಮನಿರು ಅಂತ ಬರೆದುಬಿಟ್ಟೆ."

ಹೊಸಬರೆಲ್ಲ ಹಾಗೇ ಬರೆಯುತ್ತಾರೆ. ಹಳಬರೂ ಬರೆಯುತ್ತಾರೆ. ಬೇಡದ ಸದ್ದು ಯಾರಿಗೆ ಬೇಕು?

"ಆ ಚೀಟಿಗಳೆಲ್ಲಿ ಮೇಷ್ಟ್ರೇ?" ನಾನು ಅವರ ಕಿವಿಯ ಹತ್ತಿರ ಬಾಗಿ ಕೇಳಿದೆ.

"ಬರೆದಾದ್ಮೇಲೆ ಸಾಹೇಬ್ರ ಮೇಜಿಗೆ ಹೋಗುತ್ತೆ. ದಿನಾ ನಾನೇ ಇಟ್ಟು ಬರ್ತೀನಿ. ಇವತ್ತಿಂದೂ ಇಟ್ಟೆ. ಇವತ್ತು ಮಾತ್ರ ನೀವಿಬ್ರೂ ಅಲ್ಲಿದ್ರಿ ಅಂತ ನಾನು ಬರೀಲಿಲ್ಲ."

ಮೂರು ಚೀಟಿ, ಇವತ್ತಿನದು ಸೇರಿ ನಾಲ್ಕು. ಬಾಗಿಲೇ ತೆಗೆಯದ ಗಲಾಟೆಯಲ್ಲಿ, ಒಂದೂ ತನ್ನ ಕೈಗೆ ಬರಲಿಲ್ಲವಲ್ಲ ಎಂದು ನಾದಿನಿ ಕೇಳಿರಲಿಲ್ಲ. ಅಂದರೆ ಒಬ್ಬರಿಗೆ ಸೋಮವಾರದಿಂದಲೂ ಎಲ್ಲಾ ಗೊತ್ತಿತ್ತು. ಸಾಹೇಬರ ಗೋಡೆಯ ಮೇಲಿನ ಫೋಟೋ ನೆನಪಾಯಿತು; ಕಂಬ ಕೆಟ್ಟಿದೆ ಎಂದರೆ ಆ ಕಲ್ಲಿನ ಮೇಲಿನ ಹೆಸರೂ ಕೆಟ್ಟ ಹಾಗೆ.

ನಾವು ದಾಖಲೆಯ ಕೋಣೆಗೆ ಓಡಿದೆವು. ಓಡಿದೆವು ಅಂದರೆ ನನ್ನ ಮಂಡಿ ಬಿಟ್ಟಷ್ಟು. ಕಿಟಕಿಯ ಹತ್ತಿರ ಅವಳು ಥಟ್ಟನೆ ನಿಂತಳು.

"ಬೆಳಿಗ್ಗೆ ಹಳದಿ ಇತ್ತಲ್ವಾ?"

ಸೇತುವೆಯ ನೆತ್ತಿಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಶಾಲೆ ಬಿಡುವ ಹೊತ್ತು. ಆಚೆ ದಡದ ಶಾಲೆಯ ಗೇಟಿನಲ್ಲಿ ಆಗಲೇ ಬಣ್ಣಬಣ್ಣದ ಚೀಲಗಳು ಕಾಣಿಸುತ್ತಿದ್ದವು. ಇಬ್ಬರು ಹೆಂಗಸರು ಸೇತುವೆಯ ನಡುವೆ ನಿಂತು ಮಾತಾಡುತ್ತಿದ್ದರು, ಸರಿಯಾಗಿ ಮೂರನೆಯ ಕಂಬದ ಮೇಲೆ.

ಅವಳು ಸೇತುವೆಯ ಗೇಟಿನವನಿಗೆ ಫೋನ್ ಮಾಡಿದಳು. "ಹಸಿರು ಇದೆಯಲ್ಲಮ್ಮ," ಎಂದ ಅವನು. "ದೀಪ ಬದಲಾಗ್ಲಿ, ಇಲ್ಲಾ ಸಾಹೇಬ್ರು ಹೇಳ್ಲಿ. ನನ್ನಷ್ಟಕ್ಕೆ ನಾನು ಇಳಿಸೋಕಾಗಲ್ಲ."

ಅವಳು ಫೋನಿಟ್ಟು ಕುರ್ಚಿ ಎಳೆದು ಕೂತಳು.

"ಮುಟ್ಟಿದ್ರೆ ತಪ್ಪು ಒಪ್ಪಿಕೊಂಡ ಹಾಗೆ," ಎಂದೆ. ಹಾಗೆ ಅಂದದ್ದಕ್ಕೆ ನನ್ನ ಮೇಲೇ ಹೇಸಿಗೆಯಾಯಿತು. "ಏಳು, ನಾನು ಒತ್ತುತೀನಿ. ನನ್ನ ಕೆಲಸ ಹೋಗೋದೇನಿದೆ?"

ಮೂವತ್ತು ವರ್ಷದ ಕಟ್ಟಳೆ ಮುರಿಯಲು ನಾನು ತಯಾರಾಗಿದ್ದೆ. ಅವಳು ಏಳಲಿಲ್ಲ.

"ಬೇಡ ಅತ್ತಿಗೆ. ಸ್ಕ್ರಿಪ್ಟು ನಂದು. ಹೆಸರೂ ನಂದೇ."

ಹೆಸರು ಬರೆದಳು. ಗುಲಗಂಜಿ ಎಂದು ಬರೆದಳು, ಅಂಕಿಯ ಸೊನ್ನೆ ಹಾಕಿ. ನಾಲ್ಕು ದಿನದಿಂದ ಮುನಿಸಿಕೊಂಡಿದ್ದ ಬಾಗಿಲು ಮರುಮಾತಿಲ್ಲದೆ ತೆರೆದುಕೊಂಡಿತು. ಅವಳು "ಬಂದ್" ಎಂದು ಬರೆದಳು. ಅಕ್ಷರದ ಸೊನ್ನೆಯನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡು ಒತ್ತಿದಳು.

ಸೈರನ್ ಕೂಗಿತು.

ಹಸಿರು ಆರಿ ಕೆಂಪು ಹತ್ತಿತು. ಮಾತಾಡುತ್ತಿದ್ದ ಹೆಂಗಸರು ಬೆಚ್ಚಿ, ಈಚೆ ದಡಕ್ಕೆ ಓಡಿ ಬಂದರು. ಆಚೆ ತುದಿಯ ಗೇಟು ಮಕ್ಕಳ ಮೂಗಿನ ಮುಂದೆಯೇ ಇಳಿಯಿತು. ಅವಳು ಅಳುತ್ತಿದ್ದಳು, ನಾನೂ ಅಳುತ್ತಿದ್ದೆ. ಅವಳ ತಲೆಯ ಮೇಲೆ ಕೈಯಿಟ್ಟೆ. ಅಷ್ಟು ಹೆಮ್ಮೆ ನನಗೆ ಯಾರ ಮೇಲೂ ಆಗಿರಲಿಲ್ಲ.

ಕಣ್ಣು ಒರೆಸಿಕೊಂಡು ಸ್ಕ್ರೀನು ನೋಡಿದಾಗ ಒಳಗಿನ ದಾಖಲೆ ಎದುರಿಗಿತ್ತು. ಸೋಮ, ಮಂಗಳ, ಬುಧ, ಮೇಷ್ಟರ ಮೂರು ಸಾಲು. ಎಲ್ಲಕ್ಕಿಂತ ಕೆಳಗೆ ಅವಳು ಈಗ ಬರೆದದ್ದು, ಎರಡು ನಲವತ್ತೇಳಕ್ಕೆ.

ನಡುವೆ ಇನ್ನೊಂದು ಸಾಲಿತ್ತು.

ಇವತ್ತಿನದು. ಎರಡು ಹನ್ನೆರಡಕ್ಕೆ. ನನ್ನ ನಾದಿನಿಯ ಹೆಸರಿನಲ್ಲಿ. "ಕ್ಷೇಮ."

ಎರಡು ಹನ್ನೆರಡಕ್ಕೆ ಅವಳು, ನಾನು, ಮೇಷ್ಟರು ಮೂವರೂ ಒಂದೇ ಕೋಣೆಯಲ್ಲಿ ಕೂಗಾಡುತ್ತಿದ್ದೆವು. ಅಂಕಿಯ ಸೊನ್ನೆ ಹಾಕಿದರೆ ಬಾಗಿಲು ತೆಗೆಯುತ್ತದೆ ಎಂದು ತಿಳಿದಿದ್ದ ನಾಲ್ಕನೆಯವರು ಒಬ್ಬರೇ. ಅವರಿಗೆ ಅದನ್ನು ಕಾಗದದ ಮೇಲೆ ಬರೆದುಕೊಟ್ಟವಳು ನಾನು.

ಬಾಗಿಲಲ್ಲಿ ಹೆಜ್ಜೆ ಸಪ್ಪಳವಾಯಿತು. ಸೈರನ್ ಕೇಳಿ ಸಮಿತಿಯ ಇಬ್ಬರು ಸದಸ್ಯರೂ ಬಂದಿದ್ದರು, ಅವರ ಮುಂದೆ ಸಾಹೇಬರು.

"ನೋಡಿ," ಎಂದರು ಸಾಹೇಬರು. "ಬಾಗಿಲು ತೆಗೀತಿಲ್ಲ ಅಂತ ಬೆಳಿಗ್ಗೆ ಅತ್ತೋಳು ಈಗ ಒಳಗೇ ಕೂತಿದ್ದಾಳೆ."

ಸಮಿತಿಯ ಹಿರಿಯ ಹೆಂಗಸು ನಾದಿನಿಯ ಹೆಗಲ ಮೇಲಿಂದ ಬಾಗಿ ಸ್ಕ್ರೀನಿನ ಸಾಲುಗಳನ್ನು ಒಂದೊಂದಾಗಿ ಓದಿದರು. ಎರಡು ಹನ್ನೆರಡಕ್ಕೆ ಕ್ಷೇಮ. ಎರಡು ನಲವತ್ತೇಳಕ್ಕೆ ಬಂದ್. ಎರಡಕ್ಕೂ ಒಂದೇ ಹೆಸರು.

"ಎರಡು ಹನ್ನೆರಡಕ್ಕೆ ನೀವು ಎಲ್ಲಿದ್ರಿ ಅನ್ನೋಕೆ ಸಾಕ್ಷಿ ಇದೆಯಾ?" ಎಂದು ಕೇಳಿದರು.

ಇತ್ತು. ಅವಳ ಪಾಸ್‌ವರ್ಡ್ ಬಳಸಿದ್ದೇನೆಂದು ಒಪ್ಪಿಕೊಂಡ ಕಿವಿ ಮಂದದ ಮುದುಕ ಒಬ್ಬರು. ಸ್ವಂತ ಅತ್ತಿಗೆ ಇನ್ನೊಬ್ಬಳು.

"ಸಾಕ್ಷಿ ಆಮೇಲೆ," ಎಂದೆ ನಾನು. "ಈ ಪಾಸ್‌ವರ್ಡಿನ ಗುಟ್ಟನ್ನ ಒಂದು ಗಂಟೆಗೆ ನಾನು ಸಾಹೇಬರಿಗೆ ಹೇಳಿದ್ದೆ. ಬರೆದೂ ಕೊಟ್ಟಿದ್ದೆ. ಬೇಕಾದ್ರೆ ಅವರ ಜೇಬು ನೋಡಿ."

ಸಾಹೇಬರು ನನ್ನನ್ನು ತುಂಬಾ ಕನಿಕರದಿಂದ ನೋಡಿದರು. ಜೇಬಿಗೆ ಕೈ ಹಾಕಿ, ಒಳಮೈ ಹೊರಗೆ ಬರುವಂತೆ ಎಳೆದು ತೋರಿಸಿದರು. ಖಾಲಿಯಿತ್ತು.

"ಒಂದು ಗಂಟೆಗೆ ನಾನು ಕಚೇರೀಲೇ ಇರ್ಲಿಲ್ಲವಲ್ಲಮ್ಮ," ಎಂದರು.